ಕೆಲಸದ ಜಾಗದಲ್ಲಿ ನಂಬಿಕೆ: ಯಾರು ಯಾರನ್ನು ನಂಬಬೇಕು, ಯಾವ ಆಧಾರದ ಮೇಲೆ?

ಕೋಲಾರ ಜಿಲ್ಲೆಯ ನರಸಾಪುರದಲ್ಲಿದ್ದ ವಿಸ್ಟ್ರಾನ್ ಕಾರ್ಖಾನೆ ನಿಮಗೆ ನೆನಪಿರಬಹುದು. ಐಫೋನ್ ಜೋಡಿಸುವ ಕಾರ್ಖಾನೆ. 2020ರ ಡಿಸೆಂಬರ್ 12ರಂದು ಅಲ್ಲಿ ಗಾಜು ಒಡೆದವು, ವಾಹನಗಳು ಉರುಳಿದವು. ಮೊದಲ ಕೆಲವು ದಿನ ಎಲ್ಲ ಕಡೆ ಓಡಿದ್ದು 'ಕಾರ್ಮಿಕರ ದಾಂಧಲೆ' ಅನ್ನುವ ಒಂದೇ ಸುದ್ದಿ. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಹೂಡಿಕೆದಾರರು ರಾಜ್ಯ ಬಿಟ್ಟು ಹೋಗಿಬಿಟ್ಟರೆ ಏನು ಗತಿ ಅನ್ನುವ ಚರ್ಚೆ ಜೋರಾಯಿತು.

ಒಂದು ವಾರ ಕಳೆಯುವಷ್ಟರಲ್ಲಿ ಕಥೆ ಬದಲಾಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಅಂತ ಕಂಪನಿಯೇ ಡಿಸೆಂಬರ್ 19ರಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸುಧಾರಣೆ ಆಗುವವರೆಗೂ ಹೊಸ ಕೆಲಸ ಕೊಡುವುದಿಲ್ಲ ಅಂತ ಆ್ಯಪಲ್ ಹೇಳಿತು.

ಇಲ್ಲಿ ಮುರಿದು ಬಿದ್ದದ್ದು ಕಿಟಕಿ ಗಾಜು ಮಾತ್ರ ಅಲ್ಲ, ನಂಬಿಕೆ. ಅದು ಮುರಿದದ್ದೂ ಡಿಸೆಂಬರ್ 12ರಂದು ಅಲ್ಲ, ಅದಕ್ಕೂ ತಿಂಗಳುಗಳ ಮುಂಚೆ.

'ಲೀಡರ್‌ಶಿಪ್‌ನಲ್ಲಿ ಟ್ರಸ್ಟ್ ಮುಖ್ಯ' ಅನ್ನೋದನ್ನು ಎಚ್‌ಆರ್ ತರಬೇತಿಗಳಲ್ಲಿ, ಲಿಂಕ್ಡ್‌ಇನ್ ಪೋಸ್ಟ್‌ಗಳಲ್ಲಿ ದಿನಾ ಕೇಳುತ್ತೇವೆ. ಹಾಗಂದರೆ ನಿಜಕ್ಕೂ ಏನು? ಅದು ಹೇಗೆ ಹುಟ್ಟುತ್ತೆ, ಯಾಕೆ ಒಡೆಯುತ್ತೆ, ಒಡೆದ ಮೇಲೆ ಏನು ಮಾಡಬೇಕು? ಇಲ್ಲಿ ಒಂದೊಂದಾಗಿ ನೋಡೋಣ.

ನಂಬಿಕೆ ಅಂದರೇನು?

ಸಂಸ್ಥೆಗಳೊಳಗಿನ ನಂಬಿಕೆಯ ಬಗ್ಗೆ ಅತಿ ಹೆಚ್ಚು ಉಲ್ಲೇಖವಾಗುವ ಬರಹಗಳಲ್ಲಿ ಒಂದು 1995ರಲ್ಲಿ ಬಂತು. ಬರೆದವರು ರೋಜರ್ ಮೇಯರ್, ಜೇಮ್ಸ್ ಡೇವಿಸ್, ಡೇವಿಡ್ ಶೂರ್ಮನ್ ಎಂಬ ಮೂವರು ಅಮೆರಿಕನ್ ಸಂಶೋಧಕರು. ಅವರ ವಾದವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಇನ್ನೊಬ್ಬರ ಮೇಲೆ ಕಣ್ಣಿಡಲು, ಹಿಡಿತ ಸಾಧಿಸಲು ನಮ್ಮಿಂದ ಆಗದಿದ್ದರೂ, ಅವರಿಂದ ನಮಗೆ ನಷ್ಟ ಆಗಬಹುದಾದ ಜಾಗದಲ್ಲಿ ಮನಸ್ಸಾರೆ ನಿಲ್ಲುವುದೇ ನಂಬಿಕೆ. ಎದುರಿನವರನ್ನು ನಂಬಬಹುದೋ ಇಲ್ಲವೋ ಅಂತ ನಾವು ಮೂರು ವಿಷಯ ನೋಡಿ ತೀರ್ಮಾನಿಸುತ್ತೇವೆ. ಮೊದಲನೆಯದು, ಅವರಿಗೆ ಕೆಲಸ ಗೊತ್ತಿದೆಯಾ. ಎರಡನೆಯದು, ಅವರು ನಮ್ಮ ಒಳ್ಳೆಯದನ್ನು ಬಯಸುತ್ತಾರಾ. ಮೂರನೆಯದು, ಆಡಿದ ಮಾತಿನಂತೆ ನಡೆಯುತ್ತಾರಾ.

ಈ ವಿವರಣೆಯಲ್ಲಿ 'ಮನಸ್ಸಾರೆ' ಅನ್ನುವ ಪದ ಮುಖ್ಯ. ಕಾರ್ಮಿಕರು ಇಡೀ ತಿಂಗಳು ಮೊದಲು ದುಡಿದು, ಸಂಬಳವನ್ನು ಆಮೇಲೆ ಪಡೆಯುತ್ತಾರೆ. ಅಂದರೆ ಪ್ರತಿ ತಿಂಗಳೂ ಮಾಲೀಕರಿಗೆ ಬಡ್ಡಿ ಇಲ್ಲದ ಸಾಲ ಕೊಡುತ್ತಾರೆ. ಆದರೆ ಅದನ್ನು ನಂಬಿಕೆಯಿಂದ ಕೊಡುತ್ತಾರಾ, ಬೇರೆ ದಾರಿಯಿಲ್ಲದೆ ಕೊಡುತ್ತಾರಾ? ಮನೆ ಬಾಡಿಗೆ, ಊರಿನ ಸಾಲ, ತಂಗಿಯ ಕಾಲೇಜು ಫೀಸು ತಲೆ ಮೇಲಿರುವವರು ಮ್ಯಾನೇಜರ್ ಮುಂದೆ ಬಾಯಿ ಬಿಡದೆ ಕೂತರೆ ಅದನ್ನು ನಂಬಿಕೆ ಅಂತ ಕರೆಯಲಾಗದು. ನಂಬಿಕೆ ಬೇರೆ, ಗತಿಯಿಲ್ಲದಿರುವುದು ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಜನ ಸುಮ್ಮನಿರುತ್ತಾರೆ, ಕೆಲಸ ನಡೆಯುತ್ತದೆ. ಈ ವ್ಯತ್ಯಾಸ ಗುರುತಿಸಲಾಗದ ನಾಯಕತ್ವಕ್ಕೆ ನರಸಾಪುರದಂಥ ದಿನ 'ಇದ್ದಕ್ಕಿದ್ದಂತೆ' ಬಂದ ಹಾಗೆ ಅನಿಸುತ್ತೆ.

ನರಸಾಪುರದಲ್ಲಿ ಒಡೆದದ್ದು ಹೇಗೆ?

ಘಟನೆಯ ನಂತರ ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ಮಾಡಿತು. ಆಗ ಹೊರಬಂದ ಅಂಶಗಳನ್ನು ಮೇಲಿನ ಮೂರು ಅಳತೆಗಳ ಪಕ್ಕ ಇಟ್ಟು ನೋಡಿ.

ಸುಮಾರು 5,000 ಇದ್ದ ಕಾರ್ಮಿಕರ ಸಂಖ್ಯೆ ಅಲ್ಪಾವಧಿಯಲ್ಲೇ 10,500ಕ್ಕೆ ಏರಿತ್ತು. ಅಷ್ಟು ಜನರನ್ನು ನಿಭಾಯಿಸುವ, ಕಾರ್ಮಿಕ ಕಾನೂನು ಬಲ್ಲ ಎಚ್‌ಆರ್ ವಿಭಾಗವನ್ನು ಸರಿಯಾಗಿ ಕಟ್ಟಿರಲಿಲ್ಲ. ಹಾಜರಾತಿ ದಾಖಲಿಸುವ ವ್ಯವಸ್ಥೆಯಲ್ಲೇ ದೋಷವಿತ್ತು, ಅದನ್ನು ಸಕಾಲಕ್ಕೆ ಸರಿಪಡಿಸಲಿಲ್ಲ. ಅಂದರೆ ಮೊದಲ ಅಳತೆಯಾದ ಸಾಮರ್ಥ್ಯದಲ್ಲೇ ಕಂಪನಿ ಬಿದ್ದಿತ್ತು.

ಶಿಫ್ಟ್ 8 ಗಂಟೆಯಿಂದ 12 ಗಂಟೆಗೆ ಏರಿತು. ಸಂಬಳದ ಲೆಕ್ಕ ತಪ್ಪಿತು, ಓವರ್‌ಟೈಮ್ ದುಡ್ಡು ಸರಿಯಾಗಿ ಬರಲಿಲ್ಲ. ಇಲ್ಲಿ ಎರಡನೆಯ ಮತ್ತು ಮೂರನೆಯ ಅಳತೆಗಳೂ ಕೈಕೊಟ್ಟವು.

ಇದರ ಮೇಲೆ ಇನ್ನೊಂದು ವಿಷಯವಿತ್ತು. ಕಾರ್ಮಿಕರಲ್ಲಿ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಕಡಿಮೆ ಬಂದಾಗ ಯಾರನ್ನು ಕೇಳಬೇಕು? ಲೈನ್ ಸೂಪರ್‌ವೈಸರ್ ಎಚ್‌ಆರ್ ಕಡೆ ಕೈ ತೋರಿಸಬಹುದು, ಎಚ್‌ಆರ್ ಏಜೆನ್ಸಿ ಕಡೆ ತೋರಿಸಬಹುದು, ಏಜೆನ್ಸಿ ತಿರುಗಿ ಕಂಪನಿಯ ಕಡೆ ತೋರಿಸಬಹುದು. ಜವಾಬ್ದಾರಿಗೆ ಒಂದು ಮುಖವೇ ಇಲ್ಲದ ಕಡೆ ನಂಬುವುದಾದರೂ ಯಾರನ್ನು? ಹಿಂಸೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ದೂರು ಹೇಳಲು ಬಾಗಿಲೇ ಇಲ್ಲದ ಕಟ್ಟಡದಲ್ಲಿ ಗೋಡೆಗೆ ಪೆಟ್ಟು ಬೀಳುತ್ತೆ ಅನ್ನೋದನ್ನು ಅರ್ಥ ಮಾಡಿಕೊಳ್ಳಬೇಕಿದೆ.

ಆಮೇಲೆ ಕಂಪನಿ ಘೋಷಿಸಿದ ಕ್ರಮಗಳಲ್ಲಿ ಒಂದು ಗಮನಿಸುವಂಥದ್ದು. ಹೆಸರು ಹೇಳದೆಯೂ ದೂರು ಕೊಡಬಹುದಾದ 24 ಗಂಟೆಗಳ ಸಹಾಯವಾಣಿ, ಅದೂ ಕನ್ನಡ, ತೆಲುಗು, ತಮಿಳು, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಒಂದು ಫೋನ್ ನಂಬರ್ ಮತ್ತು ಕಾರ್ಮಿಕರ ಭಾಷೆ, ಇಷ್ಟೇ ಬೇಕಿದ್ದದ್ದು. ಸಾವಿರಾರು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆಯೇ ಅದು ಇರಬೇಕಿತ್ತು. ನಂತರ 2023ರಲ್ಲಿ ಈ ಕಾರ್ಖಾನೆ ಟಾಟಾ ಸಮೂಹದ ಕೈಗೆ ಹೋಯಿತು.

ಒಳ್ಳೆಯ ನಾಯಕರಿದ್ದರೆ ಸಾಕಲ್ಲವೆ?

ಸಾಕಾಗಲ್ಲ. ಇದಕ್ಕೆ ಒಂದೇ ಕಂಪನಿಗೆ ಸಂಬಂಧಿಸಿದ ಎರಡು ಉದಾಹರಣೆ ನೋಡೋಣ.

ಮೊದಲನೆಯದು ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆ ಇತ್ತು. ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಅದು ಕುಖ್ಯಾತವಾಗಿತ್ತು. 1982ರಲ್ಲಿ ಬಾಗಿಲು ಮುಚ್ಚಿತು. ಎರಡು ವರ್ಷದ ನಂತರ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ಅದನ್ನು ಮತ್ತೆ ತೆರೆದವು. ಹೊಸ ಹೆಸರು ನಮ್ಮಿ. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ. ಸಂಘವೂ ಅದೇ. ಆದರೆ ಬೇಗನೆ ಅಲ್ಲಿಂದ ಒಳ್ಳೆಯ ಗುಣಮಟ್ಟದ ಕಾರುಗಳು ಹೊರಬರತೊಡಗಿದವು, ಗೈರುಹಾಜರಿ ತೀರಾ ಇಳಿಯಿತು.

ಬದಲಾದದ್ದೇನು? ಲೈನ್ ಪಕ್ಕದಲ್ಲಿ ಒಂದು ಹಗ್ಗ ಬಂತು. ತಪ್ಪು ಕಂಡ ಯಾವ ಕಾರ್ಮಿಕರೇ ಆದರೂ ಅದನ್ನು ಎಳೆಯಬಹುದು. ಎಳೆದರೆ ತಂಡದ ಮುಖ್ಯಸ್ಥರು ಸಹಾಯಕ್ಕೆ ಬರುತ್ತಾರೆ, ಅಗತ್ಯ ಬಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಲೈನ್ ನಿಲ್ಲಿಸುವುದು ದೊಡ್ಡ ಅಪರಾಧವಾಗಿತ್ತು. ಇನ್ನೊಂದು ಬದಲಾವಣೆ, ಕೆಲಸದ ಭದ್ರತೆಯ ಮಾತು. 1980ರ ದಶಕದ ಕೊನೆಗೆ ಬೇಡಿಕೆ ಬಿದ್ದಾಗಲೂ ಕಂಪನಿ ಆ ಮಾತು ಉಳಿಸಿಕೊಂಡಿತು. ಜನರನ್ನು ಮನೆಗೆ ಕಳಿಸುವ ಬದಲು ತರಬೇತಿ ಕೊಟ್ಟು ಕೂರಿಸಿಕೊಂಡಿತು.

ಅಂದರೆ ಮೊದಲು ರಿಸ್ಕ್ ತೆಗೆದುಕೊಂಡದ್ದು ಮ್ಯಾನೇಜ್‌ಮೆಂಟ್. ಉತ್ಪಾದನೆ ನಿಲ್ಲಿಸುವ ಅಧಿಕಾರವನ್ನು ಅದು ಕೆಳಗಿನವರ ಕೈಗೆ ಕೊಟ್ಟಿತು.

ಎರಡನೆಯದು ನಮ್ಮದೇ ಬಿಡದಿಯದ್ದು. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಕಾರ್ಮಿಕ ಸಂಘದ ಒಬ್ಬ ಪದಾಧಿಕಾರಿಯನ್ನು ಅಮಾನತು ಮಾಡಲಾಯಿತು. ಕಾರ್ಮಿಕರು ಧರಣಿ ಕೂತರು. ನವೆಂಬರ್ 10ರಂದು ಕಂಪನಿ ಲಾಕ್‌ಔಟ್ ಘೋಷಿಸಿತು. ಕೆಲಸದ ಒತ್ತಡ ಮಿತಿಮೀರಿದೆ ಅಂತ ಸಂಘ ಹೇಳಿತು, ಕಾರ್ಮಿಕರು ಅಶಿಸ್ತು ತೋರಿದರು ಅಂತ ಕಂಪನಿ ಹೇಳಿತು. ಸರ್ಕಾರ ಮಧ್ಯೆ ಬಂದು ಮುಷ್ಕರ, ಲಾಕ್‌ಔಟ್ ಎರಡನ್ನೂ ನಿಷೇಧಿಸಿತು. ಕಂಪನಿ ಬಾಗಿಲು ತೆರೆದು, ಕೆಲವೇ ದಿನಗಳಲ್ಲಿ ಮತ್ತೆ ಮುಚ್ಚಿತು. ಹತ್ತಾರು ಜನ ಅಮಾನತಾದರು. ಹೆಚ್ಚು ಕಡಿಮೆ ನಾಲ್ಕು ತಿಂಗಳು ಈ ಜಗ್ಗಾಟ ನಡೆಯಿತು. ಒಳಗೆ ಬರಬೇಕಾದರೆ ಸರಿಯಾಗಿ ನಡೆದುಕೊಳ್ಳುತ್ತೇನೆ ಅಂತ ಒಬ್ಬೊಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು ಅನ್ನುವ ಷರತ್ತು ದೊಡ್ಡ ತಕರಾರಾಯಿತು.

ಎರಡೂ ಕಡೆ ಟೊಯೊಟಾ ಹೆಸರಿದೆ. ಒಂದು ಕಡೆ ಕಾರ್ಮಿಕರ ಕೈಗೆ ಹಗ್ಗ ಬಂತು, ಇನ್ನೊಂದು ಕಡೆ ಮುಚ್ಚಳಿಕೆ ಪತ್ರ ಬಂತು. ಬ್ರ್ಯಾಂಡ್‌ ಜೊತೆ ನಂಬಿಕೆ ತಾನಾಗಿ ಬರಲ್ಲ, ಯಾವುದೋ ಪುಸ್ತಕದ ಸೂತ್ರದಿಂದಲೂ ಬರಲ್ಲ. ಅಧಿಕಾರ ಎಷ್ಟು ಕೆಳಗೆ ಇಳಿಯುತ್ತೆ, ತಕರಾರು ಎತ್ತಿದವರಿಗೆ ಏನಾಗುತ್ತೆ ಅನ್ನೋದರ ಮೇಲೆ ಅದು ನಿಂತಿದೆ.

ತಕರಾರು ಜಾಸ್ತಿ ಇದ್ದರೆ ನಂಬಿಕೆ ಕಡಿಮೆ ಅಂತಲೆ?

ಬಹಳ ಸಲ ಉಲ್ಟಾ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದ್ದರು. ಔಷಧಿ ಕೊಡುವಾಗ ಆಗುವ ತಪ್ಪುಗಳು ಒಳ್ಳೆಯ ತಂಡಗಳಲ್ಲಿ ಕಡಿಮೆ ಇರುತ್ತವೆ ಅನ್ನುವುದು ಅವರ ನಿರೀಕ್ಷೆ. ಸಿಕ್ಕ ಲೆಕ್ಕ ಬೇರೆಯೇ ಹೇಳಿತು. ಒಳ್ಳೆಯ ನಾಯಕತ್ವ ಇರುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಂಥ ತಂಡದವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಈ ಹೆದರಿಕೆಯಿಲ್ಲದ ಸ್ಥಿತಿಯನ್ನು ಅವರು 1999ರ ತಮ್ಮ ಪ್ರಬಂಧದಲ್ಲಿ ತಂಡದ 'ಮಾನಸಿಕ ಸುರಕ್ಷತೆ' ಅಂತ ವಿವರಿಸಿದರು.

ಹಾಗಾಗಿ 'ನಮ್ಮಲ್ಲಿ ಒಂದು ದೂರೂ ಬಂದಿಲ್ಲ' ಅಂತ ಯಾವುದಾದರೂ ಸಂಸ್ಥೆ ಬೀಗಿದರೆ ಅನುಮಾನಪಡುವುದೇ ಸರಿ. ಲೈಂಗಿಕ ಕಿರುಕುಳದ ದೂರಿನ ಸಮಿತಿಗೆ ವರ್ಷಗಟ್ಟಲೆ ಸೊನ್ನೆ ದೂರು ಬಂದರೆ, ಅಲ್ಲಿ ಕಿರುಕುಳ ಇಲ್ಲದಿರಬಹುದು, ಅಥವಾ ಸಮಿತಿಯ ಮೇಲೆ ಯಾರಿಗೂ ಭರವಸೆ ಇಲ್ಲದಿರಬಹುದು. ಯಾವುದು ಅಂತ ಸೊನ್ನೆ ಹೇಳಲ್ಲ.

ಕಾನೂನು ಪಾಲಿಸಿದರೆ ನಂಬಿಕೆ ಉಳಿಯುತ್ತಾ?

ಕಾನೂನು ನೆಲ ಇದ್ದ ಹಾಗೆ, ಅದರ ಮೇಲೆ ಮನೆ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್‌ನಿಂದ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನು ಹೊರಗೆ ಕಳಿಸಿತು. ಅವರಲ್ಲಿ ಅನೇಕರು 2022ರಲ್ಲಿ ಆಫರ್ ಲೆಟರ್ ಪಡೆದು, ಎರಡು ವರ್ಷಕ್ಕೂ ಹೆಚ್ಚು ಕಾದು, 2024ರಲ್ಲಿ ಕೆಲಸಕ್ಕೆ ಸೇರಿದವರು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ, ನಿಯಮ ಮೊದಲೇ ಹೇಳಿತ್ತು ಅನ್ನುವುದು ಕಂಪನಿಯ ವಿವರಣೆ. ಅವರು ಟ್ರೈನಿಗಳಾಗಿದ್ದರಿಂದ ಕಾರ್ಮಿಕ ಕಾನೂನಿನ ಉಲ್ಲಂಘನೆ ಕಂಡುಬಂದಿಲ್ಲ ಅನ್ನುವ ನಿಲುವು ಕಾರ್ಮಿಕ ಇಲಾಖೆಯದ್ದು ಅಂತ ವರದಿಗಳು ಬಂದವು.

ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು ಅಂತಲೇ ಇಟ್ಟುಕೊಳ್ಳಿ. ಆದರೆ ಆಫರ್ ಲೆಟರ್ ಹಿಡಿದು ಬೇರೆ ಕೆಲಸ ಬಿಟ್ಟು ಕಾದವರ ಎರಡು ವರ್ಷದ ಲೆಕ್ಕ ಯಾವ ರಿಜಿಸ್ಟರ್‌ನಲ್ಲಿದೆ? ಕಾದ ನಷ್ಟವೆಲ್ಲ ಒಂದೇ ಕಡೆಗೆ ಬಿದ್ದಾಗ, ಅದನ್ನು ನೋಡುತ್ತಿರುವ ಮುಂದಿನ ಬ್ಯಾಚಿನ ಹುಡುಗ ಹುಡುಗಿಯರು ಆಫರ್ ಲೆಟರ್ ಅನ್ನುವ ಕಾಗದವನ್ನೇ ಅನುಮಾನದಿಂದ ನೋಡುತ್ತಾರೆ.

ಇನ್ನು ಕಾನೂನು ಕೊಡುವ ನೆಲವಾದರೂ ಎಷ್ಟು ಗಟ್ಟಿ? 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಂಬಿಕೆಯ ದೃಷ್ಟಿಯಿಂದ ಮುಖ್ಯವಾದ ಅಂಶಗಳು ಇವು:

- ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದರೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.
- ವೇತನ ಚೀಟಿ, ಅಂದರೆ ಪೇ ಸ್ಲಿಪ್ ಕೊಡಬೇಕು. ಓವರ್‌ಟೈಮ್‌ಗೆ ಮಾಮೂಲಿ ದರದ ಎರಡರಷ್ಟು ಕೂಲಿ.
- 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು.
- 10 ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಕಡ್ಡಾಯ. ಇದು 2013ರ ಪ್ರತ್ಯೇಕ ಕಾಯ್ದೆಯದ್ದು.

ಇದೇ ಸಂಹಿತೆಗಳು ಇನ್ನೊಂದು ಕಡೆ ನೆಲ ಕೊರೆದಿವೆ. ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕು ಅನ್ನುವ ನಿಯಮ ಮೊದಲು 100 ಕಾರ್ಮಿಕರಿದ್ದ ಕಡೆಯೇ ಅನ್ವಯವಾಗುತ್ತಿತ್ತು. ಈಗ ಅದು 300ಕ್ಕೆ ಏರಿದೆ. ಕೆಲಸದ ಷರತ್ತುಗಳನ್ನು ಬರಹದಲ್ಲಿ ಇಡಬೇಕಾದ ಸ್ಥಾಯಿ ಆದೇಶಗಳ ಮಿತಿಯೂ 300. ಕಾರ್ಮಿಕ ಸಂಘಗಳ ವಿರೋಧಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಹಳೆಯ ನಿಯಮ ಇದ್ದಾಗಲೂ ಏನಾಗುತ್ತಿತ್ತು ಅನ್ನೋದಕ್ಕೆ ಶ್ರೀರಂಗಪಟ್ಟಣದ ಗೋಕಲದಾಸ್ ಗಾರ್ಮೆಂಟ್ಸ್ ಘಟಕ ಸಾಕ್ಷಿ. 2020ರ ಜೂನ್‌ನಲ್ಲಿ ಅಲ್ಲಿಂದ ಯಂತ್ರಗಳನ್ನು ಸಾಗಿಸಲಾಯಿತು. 1,200ಕ್ಕೂ ಹೆಚ್ಚು ಜನರ, ಅದರಲ್ಲೂ ಹೆಚ್ಚಾಗಿ ಹೆಣ್ಣುಮಕ್ಕಳ, ಕೆಲಸ ಹೋಯಿತು. ಆರ್ಡರ್ ಇಲ್ಲ ಅಂತ ಕಂಪನಿ, ಸಂಘ ಗಟ್ಟಿಯಾಗಿರುವ ಘಟಕವನ್ನೇ ಆರಿಸಿ ಮುಚ್ಚಿದರು ಅಂತ ಕಾರ್ಮಿಕರು. ವಾರಗಟ್ಟಲೆ ಧರಣಿ, ತಿಂಗಳುಗಟ್ಟಲೆ ಮಾತುಕತೆ ನಡೆದು, 2021ರ ಫೆಬ್ರವರಿಯಲ್ಲಿ ಮರಳಿ ಕೆಲಸ ಮತ್ತು ಸಂಘದ ಮಾನ್ಯತೆ ಕುರಿತು ಒಪ್ಪಂದವಾಯಿತು. ಗಮನಿಸಿ, ಕಳೆದುಹೋದ ವಿಶ್ವಾಸವನ್ನು ಅಲ್ಲಿ ಮತ್ತೆ ಕಟ್ಟಲು ಶುರು ಮಾಡಿದ್ದು ಎರಡೂ ಕಡೆಯವರು ಸಹಿ ಹಾಕಿದ ಒಂದು ಕಾಗದ. ಭಾಷಣದಿಂದ ಆಗದ್ದು ಬರಹದಿಂದ ಆಯಿತು.

ಬಾಸ್ ಮನುಷ್ಯನೇ ಅಲ್ಲದಿದ್ದರೆ?

ಡೆಲಿವರಿ ಮಾಡುವವರಿಗೆ, ಕ್ಯಾಬ್ ಓಡಿಸುವವರಿಗೆ ಮ್ಯಾನೇಜರ್ ಅಂದರೆ ಮೊಬೈಲಿನ ಆ್ಯಪ್. ಯಾವ ಆರ್ಡರ್ ಯಾರಿಗೆ, ಇವತ್ತಿನ ಇನ್ಸೆಂಟಿವ್ ಯಾಕೆ ಕಡಿಮೆ, ಐಡಿ ಯಾಕೆ ಬ್ಲಾಕ್ ಆಯಿತು, ಒಂದಕ್ಕೂ ಉತ್ತರ ಕೊಡುವ ಮನುಷ್ಯರು ಸಿಗಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಇಲ್ಲಿ ಒಂದು ಹೊಸ ಹೆಜ್ಜೆ. ಸ್ವಯಂಚಾಲಿತ ವ್ಯವಸ್ಥೆಗಳು ಹೇಗೆ ತೀರ್ಮಾನ ಮಾಡುತ್ತವೆ ಅಂತ ಕಂಪನಿಗಳು ತಿಳಿಸಬೇಕು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಕೊಟ್ಟು 14 ದಿನಗಳ ನೋಟಿಸ್ ಕೊಡಬೇಕು. ಇದು ಎಷ್ಟರ ಮಟ್ಟಿಗೆ ಜಾರಿಯಾಗುತ್ತೆ ಅನ್ನೋದೇ ಮುಂದಿನ ಪರೀಕ್ಷೆ.

ನಂಬಿಕೆ ಎರಡೂ ಕಡೆಯದ್ದಲ್ಲವೆ?

ಈ ಪ್ರಶ್ನೆ ನ್ಯಾಯವಾದದ್ದೇ. 2022ರಲ್ಲಿ ವಿಪ್ರೊ ಸುಮಾರು 300 ಜನರನ್ನು ಕೆಲಸದಿಂದ ತೆಗೆಯಿತು. ಒಂದೇ ಹೊತ್ತಿನಲ್ಲಿ ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದರು ಅನ್ನುವುದು ಕಾರಣ. ಉದ್ಯೋಗಿಗಳೂ ಮಾತು ತಪ್ಪಬಹುದು.

ಆದರೆ ಎರಡೂ ಕಡೆಯ ಬಲ ಸಮವಲ್ಲ. ಉದ್ಯೋಗಿಯನ್ನು ಪರೀಕ್ಷಿಸಲು ಕಂಪನಿಯ ಬಳಿ ಬಯೋಮೆಟ್ರಿಕ್ ಇದೆ, ಸಿಸಿಟಿವಿ ಇದೆ, ಲ್ಯಾಪ್‌ಟಾಪಿನ ಲಾಗ್ ಇದೆ, ಬ್ಯಾಕ್‌ಗ್ರೌಂಡ್ ಚೆಕ್ ಇದೆ. ಕಂಪನಿಯನ್ನು ಪರೀಕ್ಷಿಸಲು ಉದ್ಯೋಗಿಯ ಬಳಿ ಏನಿದೆ? ಒಂದು ಪೇ ಸ್ಲಿಪ್, ಕೆಲವು ಸಲ ಅದೂ ಇಲ್ಲ. ಒಬ್ಬರು ಎಲ್ಲವನ್ನೂ ನೋಡಬಲ್ಲರು, ಇನ್ನೊಬ್ಬರು ಕಣ್ಣು ಮುಚ್ಚಿ ನಂಬಬೇಕು ಅನ್ನುವ ಏರ್ಪಾಡಿನಲ್ಲಿ 'ಪರಸ್ಪರ ವಿಶ್ವಾಸ' ಅನ್ನುವ ಮಾತಿಗೆ ಬೆಲೆಯಿಲ್ಲ. ಹೆಚ್ಚು ಅಧಿಕಾರ ಇರುವವರೇ ಮೊದಲ ಹೆಜ್ಜೆ ಇಡಬೇಕು.

ಅಂಬೇಡ್ಕರ್ ಇದನ್ನು ಚೆನ್ನಾಗಿ ಬಲ್ಲವರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ, ಸರ್ಕಾರ, ಮಾಲೀಕರು, ಕಾರ್ಮಿಕರು ಒಂದೇ ಮೇಜಿನ ಸುತ್ತ ಕೂರುವ ತ್ರಿಪಕ್ಷೀಯ ಸಭೆಗಳಿಗೆ ಅವರು ಒತ್ತು ಕೊಟ್ಟರು. ಮಾಲೀಕರು ಸಂಘಗಳಿಗೆ ಮಾನ್ಯತೆ ಕೊಡುವುದನ್ನು ಕಡ್ಡಾಯ ಮಾಡುವ ಮಸೂದೆ 1943ರಲ್ಲಿ ಮಂಡನೆಯಾಯಿತು. ಮಾಲೀಕರ ಒಳ್ಳೆಯತನವನ್ನು ಕಾದು ಕೂರುವ ಬದಲು, ಕಾರ್ಮಿಕರಿಗೆ ಮೇಜಿನ ಬಳಿ ಕುರ್ಚಿ ಹಾಕಿಸುವುದು ಆ ದಾರಿ.

ನಿಮ್ಮ ಕೆಲಸದ ಜಾಗ ಹೇಗಿದೆ? ಆರು ಪ್ರಶ್ನೆಗಳು

1. ನಿಮ್ಮ ಸಂಬಳ, ಪಿಎಫ್, ಓಟಿ ಲೆಕ್ಕವನ್ನು ನೀವೇ ತಾಳೆ ನೋಡಲು ಆಗುತ್ತಾ?
2. ಲೆಕ್ಕ ತಪ್ಪಿದ್ದರೆ ಯಾರನ್ನು ಕೇಳಬೇಕು ಅಂತ ಗೊತ್ತಾ? ಅವರು ಎಷ್ಟು ದಿನದಲ್ಲಿ ಉತ್ತರ ಕೊಡಬೇಕು?
3. ಶಿಫ್ಟ್, ಟಾರ್ಗೆಟ್, ಕೆಲಸದ ಜಾಗ ಬದಲಾಗುವುದು ನಿಮಗೆ ಮೊದಲೇ ತಿಳಿಯುತ್ತಾ, ಆದ ಮೇಲೆ ತಿಳಿಯುತ್ತಾ?
4. ಕಳೆದ ಸಲ ಮೀಟಿಂಗ್‌ನಲ್ಲಿ 'ಇದು ಸರಿಯಿಲ್ಲ' ಅಂದವರು ಈಗ ಎಲ್ಲಿದ್ದಾರೆ?
5. ಮ್ಯಾನೇಜರ್ ತಪ್ಪಿಗೆ ಯಾವತ್ತಾದರೂ ಮ್ಯಾನೇಜರ್ ಉತ್ತರ ಕೊಟ್ಟಿದ್ದಾರಾ?
6. ಗುತ್ತಿಗೆಯವರಿಗೆ, ಹೌಸ್‌ಕೀಪಿಂಗ್‌ನವರಿಗೆ, ಸೆಕ್ಯುರಿಟಿಯವರಿಗೆ ಈ ಐದೂ ಪ್ರಶ್ನೆ ಕೇಳಿದರೆ ಅದೇ ಉತ್ತರ ಸಿಗುತ್ತಾ?

ಈ ಪ್ರಶ್ನೆಗಳಲ್ಲಿ ಒಂದೂ ಬಾಸ್ ನಗುತ್ತಾರಾ, ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತಾರಾ ಅಂತ ಕೇಳಲ್ಲ. ಅವೆಲ್ಲ ಚೆಂದವೇ, ಬೇಡ ಅನ್ನಬೇಕಿಲ್ಲ. ಆದರೆ ನಗುಮುಖದ ಮ್ಯಾನೇಜರ್ ವರ್ಗಾವಣೆ ಆಗಿ ಹೋದ ಮರುದಿನವೂ ಉಳಿಯುವಂಥದ್ದು ಮಾತ್ರ ನಿಜವಾದ ನಂಬಿಕೆ. ಅದು ಉಳಿಯೋದು ತಾಳೆ ನೋಡಬಹುದಾದ ಲೆಕ್ಕದಲ್ಲಿ, ಬರಹದಲ್ಲಿರುವ ಮಾತಿನಲ್ಲಿ, ಸಂಘದ ಬಲದಲ್ಲಿ, ಇಲ್ಲ ಅಂದರೂ ಕೆಲಸ ಹೋಗದು ಅನ್ನುವ ಧೈರ್ಯದಲ್ಲಿ.

ಐದು ವರ್ಷಕ್ಕೊಮ್ಮೆ ಸರ್ಕಾರವನ್ನು ಪ್ರಶ್ನಿಸುವ ನಾವು, ದಿನಕ್ಕೆ ಒಂಬತ್ತು ಹತ್ತು ಗಂಟೆ ಕಳೆಯುವ ಜಾಗದಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟರೆ ಪ್ರಜಾಪ್ರಭುತ್ವ ಗೇಟಿನ ಹೊರಗೇ ಉಳಿಯುತ್ತೆ. ಈ ತಿಂಗಳ ಪೇ ಸ್ಲಿಪ್ ಬಂದಾಗ ಒಂದು ಸಲ ಪೂರ್ತಿ ಓದಿ. ಅರ್ಥವಾಗದ ಸಾಲಿದ್ದರೆ ಕೇಳಿ. ಅವರು ಏನು ಉತ್ತರ ಕೊಟ್ಟರು ಅನ್ನೋದರ ಜೊತೆಗೆ, ಕೇಳಿದ್ದಕ್ಕೆ ನಿಮ್ಮನ್ನು ಹೇಗೆ ನೋಡಿದರು ಅನ್ನೋದನ್ನೂ ಗಮನಿಸಿ.